ಏಳು ವರ್ಷದ ಬಾಂಡಿಗೆ ವಂದನಾರ್ಪಣೆ

೧

ವಾಡಿಯ ಒಂದು ಖಾಸಗಿ ಕಾಲೇಜಿನವರು ವಿದ್ಯಾರ್ಥಿಗಳ ಲೈಬ್ರರಿ ಡಿಪಾಜಿಟ್ಟನ್ನು, ಅವರನ್ನು ಕೇಳದೆ, ಏಳು ವರ್ಷದ ಬಾಂಡಿಗೆ ಹಾಕಿದರು. ಬಾಂಡು ಸಂಸ್ಥೆಯ ಹೆಸರಿನಲ್ಲಿದೆ. ಬಿ.ಕಾಂ. ಕೊನೆಯ ವರ್ಷದವರು ಈ ಮೇ ತಿಂಗಳಲ್ಲಿ ಕಾಲೇಜು ಬಿಡುತ್ತಾರೆ. ‘ಅವಧಿ ಮುಗಿದ ಮೇಲೆ ಬಂದು ಒಯ್ಯತಕ್ಕದ್ದು’ ಎಂದು ನೋಟಿಸು ಹಚ್ಚಿದರು.

(ಕಥೆ ಹೀಗೆ ಶುರುವಾಗಬಹುದೇ? ಮೊದಲು ಜಂಕ್ಷನ್ನಿನ ರೈಲಿನ ಸದ್ದಿನಿಂದ ಶುರು ಮಾಡಿದ್ದೆ. ಚೆಂದವಿತ್ತು. ಹರಿದೆ. ಆ ಸದ್ದಿನಲ್ಲಿ ನೋಟಿಸು ಕಾಣುತ್ತಿರಲಿಲ್ಲ.)

೨

ನಾಯಕಿ, ನಾಲವಾರದಿಂದ ದಿನಾ ರೈಲಿಗೆ ಬರುವ ಮೈತ್ರಿ. ಮೊದಲ ಡ್ರಾಫ್ಟಿನಲ್ಲಿ ಅವಳನ್ನು ಬಡತನದಲ್ಲಿ ಅದ್ದಿ ತೆಗೆದಿದ್ದೆ. ಓದಿ ನಕ್ಕಳು.

“ಕತಿಗಾರ್ರೇ, ನಮ್ಮಪ್ಪ ಪೋಸ್ಟ್‌ಮ್ಯಾನ್ ಅದಾನ. ಮನ್ಯಾಗ ಫ್ರಿಜ್ ಅದ. ‘ಕಲ್ತಿದ್ದು ಸಾಕು’ ಅಂತಾನ, ಅದು ತ್ರಾಸು. ಎಂ.ಕಾಂ. ಅರ್ಜಿ ಹಾಕ್ಲಿಕ್ಕೆ ನಾ ನಂಬಿದ್ದು ಆ ಡಿಪಾಜಿಟ್ ಒಂದೇ. ಅದನ್ನ ಬರೀರಿ.”

ಬರೆದೆ.

೩

ನೋಟಿಸಿನ ಹಿಂದೆಯೇ ಕಾಲೇಜಿನಲ್ಲಿ ಒಂದು ಕಾರ್ಯಕ್ರಮ: ‘ಬಾಂಡ್: ವಿದ್ಯಾರ್ಥಿಗಳಿಗೆ ಒಂದು ಪರಿಚಯ’. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ಆಮೇಲೆ ಸನ್ಮಾನ. ಬಾಂಡಿನ ಬಗ್ಗೆ ಮಾತಾಡಲು ಬಂದ ಅತಿಥಿ ಲಕ್ಷ್ಮಿಕಾಂತ ಅವರಿಗೆ ಶಾಲು, ಅವರ ಡ್ರೈವರಿಗೆ ಶಾಲು, ಶಾಲು ತಂದುಕೊಟ್ಟ ಅಂಗಡಿಯವನಿಗೂ ಶಾಲು. ಬಾಂಡಿಗೆ ಉಳಿದದ್ದು ಚಹಾ ಆರುವಷ್ಟು ಹೊತ್ತು.

ಆದರೂ ಲಕ್ಷ್ಮಿಕಾಂತ ಚೆನ್ನಾಗಿಯೇ ಹೇಳಿದರು. (ಅವರನ್ನು ಖಳನಾಯಕ ಮಾಡಲು ನೋಡಿದೆ, ಕೈಗೆ ಸಿಗಲಿಲ್ಲ.)

“ಬಾಂಡ್ ಕೊಂಡ್ರ ನೀವು ಸರ್ಕಾರಕ್ಕೋ ಕಂಪನಿಗೋ ಸಾಲ ಕೊಟ್ಟಂಗ. ನಡುನಡುವ ಬಡ್ಡಿ, ಅವಧಿ ಮುಗದ ಮ್ಯಾಲ ಅಸಲು. ಕಂಪನಿ ಮುಳುಗಿದ್ರ ಅಸಲೂ ಮುಳುಗ್ತದ. ಅದಕ, ರೊಕ್ಕ ಯಾವಾಗ ಬೇಕಾಗ್ತದ ಅಂತ ಮದ್ಲು ನೋಡ್ಕೊಂಡು ಹಾಕ್ರಿ.”

ಮೈತ್ರಿ ಎದ್ದು ನಿಂತಳು. “ಸರ್, ರೊಕ್ಕ ನಂದು, ಬಾಂಡ್ ಸಂಸ್ಥೆ ಹೆಸರಿಲೆ ಅದ. ಬಡ್ಡಿ ಯಾರಿಗಿ?”

ಲಕ್ಷ್ಮಿಕಾಂತ ಪ್ರಿನ್ಸಿಪಾಲರ ಮುಖ ನೋಡಿದರು. ಪ್ರಿನ್ಸಿಪಾಲ ಸಂಗಮೇಶ್ವರ ನಕ್ಕರು. “ಕುಂದ್ರವಾ. ಬಡ್ಡಿ ಎಲ್ಲಿ ಹೋಗ್ತದ? ನಿಮ್ಮ ಈ ಕಾರ್ಯಕ್ರಮಕ್ಕೇ ಹಾಕೀವಿ.”

ಸಭೆಯೆಲ್ಲ ಶಾಲುಗಳ ಕಡೆ ನೋಡಿತು. ಹಿಂದಿನ ಬೆಂಚಿನಿಂದ ಗೆಳತಿ ಹಮೀದಾಬೇಗಂ ಪಿಸುಗುಟ್ಟಿದಳು: “ನಿನ್ನ ಎಂ.ಕಾಂ. ಡ್ರೈವರ್ ಹೊದ್ಕೊಂಡು ಕುಂತಾನ ನೋಡಲೇ.”

೪

ಮುಕ್ತಾಯ ಆರಿಸಿಕೊಳ್ಳಿ.

ಅ. ಪ್ರಿನ್ಸಿಪಾಲರಿಗೆ ಪಶ್ಚಾತ್ತಾಪ. (ನಗಬೇಡಿ.)

ಆ. ಕ್ರಾಂತಿ, ಕುರ್ಚಿಗಳು ಗಾಳಿಯಲ್ಲಿ. (ನಮ್ಮ ಓದುಬಳಗ ಇದಕ್ಕೆ ಚಪ್ಪಾಳೆ ತಟ್ಟಿ, ಚಹಾ ಕುಡಿದು ಮನೆಗೆ ಹೋಗುತ್ತದೆ.)

ಇ. ಏಳು ವರ್ಷದ ಮೇಲೆ ಮೈತ್ರಿ ಮಗುವನ್ನೆತ್ತಿಕೊಂಡು ಡಿಪಾಜಿಟ್ ಒಯ್ಯಲು ಬರುತ್ತಾಳೆ.

“ಕೂಸು ಎಲ್ಲಿಂದ ಬಂತ್ರಿ?” ಎಂದಳು ಮೈತ್ರಿ. ಹೊಡೆದುಹಾಕಿದೆ.

೫

ವಂದನಾರ್ಪಣೆ ಅವಳ ಪಾಲಿಗೆ ಬಂದಿತ್ತು. ಅದಾಗದೆ ರಾಷ್ಟ್ರಗೀತೆಯಿಲ್ಲ, ರಾಷ್ಟ್ರಗೀತೆಯಾಗದೆ ಯಾರೂ ಹೊರಡುವಂತಿಲ್ಲ. ನಮ್ಮ ಕಾಲೇಜುಗಳಲ್ಲಿ ಮುರಿಯದ ನಿಯಮ ಇದೊಂದೇ. ಮೈತ್ರಿ ಮೈಕಿನ ಮುಂದೆ ಬಂದು, ವಂದನೆಯ ಚೀಟಿಯನ್ನು ಮಡಚಿದಳು.

“ಓದವಾ,” ಸಂಗಮೇಶ್ವರ ಹಲ್ಲು ಕಚ್ಚಿ ನಕ್ಕರು, “ಸಾಹೇಬ್ರಿಗಿ ಶಹಾಬಾದಿನ್ಯಾಗ ಇನ್ನೊಂದ್ ಕಾರ್ಯಕ್ರಮ ಅದ.”

ನಾನೂ ಅಂಗಲಾಚಿದೆ. ಓದಿಬಿಡು ತಾಯಿ, ನನ್ನ ಕಥೆಯೂ ಮುಗಿಯಬೇಕು.

ಅವಳು ಮೈಕಿಗೆ ಒಮ್ಮೆ ಊದಿದಳು.

“ಶಾಲು ನನ್ನ ರೊಕ್ಕದ್ದು, ಥ್ಯಾಂಕ್ಸೂ ನಾನೇ ಹೇಳಬೇಕಾ? ಓದಂಗಿಲ್ಲರಿ. ಕತಿಗಾರ್ರೇ, ನೀವೂ ಮುಗಸಬ್ಯಾಡ್ರಿ. ಬಾಂಡಿನ ಅವಧಿ ಮುಗಿಯೂತನಾ ಎಲ್ಲಾರೂ ಕುಂದ್ರಿ.”