ಬಾಟಲಿ ಮೂಸದ ಮೂಗು

ಮಗು ಅಳುತ್ತಿತ್ತು. ಎತ್ತಿಕೊಂಡರೂ ಅಳು, ಮಲಗಿಸಿದರೂ ಅಳು. ಹುಟ್ಟಿದಾಗ ಮೈತುಂಬಿಕೊಂಡಿದ್ದ ಕೂಸು ಮೂರು ತಿಂಗಳಾಗುವಷ್ಟರಲ್ಲಿ ಬಾಡಿದ ಸೊಪ್ಪಿನ ಹಾಗಾಗಿತ್ತು. ಈಗ ಭೇದಿ ಬೇರೆ ಹಿಡಿದಿತ್ತು.

ಮಗುವಿನ ಅಜ್ಜಿ ಬೀದಿ ಕೊನೆಯ ಬೇಕರಿಯಲ್ಲಿ ಹಿಟ್ಟು ನಾದಿ ನಾದಿ ಮುದುಕಿಯಾದವಳು. ಹಿಟ್ಟು ಹದಕ್ಕೆ ಬಂತೋ, ಹುಳಿ ಏರಿತೋ ಎಂದು ಮೂಸಿಯೇ ಹೇಳುತ್ತಿದ್ದಳು. “ಅಮ್ಮನ ಮೂಗೇ ನಮ್ಮ ಗಡಿಯಾರ” ಎನ್ನುತ್ತಿದ್ದ ಭಟ್ಟಿಯವನು. ಈಗ ಅವಳು ಮನೆಯಲ್ಲಿ ಮಗು ನೋಡಿಕೊಳ್ಳುತ್ತಿದ್ದಳು, ಸೊಸೆ ಅದೇ ಭಟ್ಟಿಯ ಮುಂದೆ ಟ್ರೇ ಎತ್ತುತ್ತಿದ್ದಳು.

ಹೆರಿಗೆಯಾದ ಮೇಲೆ ಸೊಸೆ ಮತ್ತೆ ಕೆಲಸಕ್ಕೆ ಹೋದ ಮೊದಲ ದಿನ, ಮನೆಗೆ ಬಂದವಳು ಬೆವರು ಒರೆಸಿಕೊಳ್ಳುತ್ತಲೇ ಮಗುವಿಗೆ ಕೈ ಚಾಚಿದಳು. ಅತ್ತೆ ಕೂಸನ್ನು ಹಿಂದಕ್ಕೆಳೆದುಕೊಂಡಳು.

“ತಡಿಯೇ. ಆ ಕಾವಿಗೆ ಹಿಟ್ಟೇ ಹುಳಿ ಬರುತ್ತೆ, ಹಾಲು ಕೆಡದೆ ಇರುತ್ತಾ? ಮೊದಲು ಹಿಂಡಿ ಚೆಲ್ಲು. ಮೈ ತಣ್ಣಗಾಗಲಿ.”

ಸೊಸೆ ಚೆಲ್ಲಿದಳು. ಬೇಕರಿಯಲ್ಲೂ ಚೆಲ್ಲಿದಳು. ಮಧ್ಯಾಹ್ನದ ಹೊತ್ತಿಗೆ ಎದೆ ಕಟ್ಟಿ, ಮೈಮೇಲಿನ ಬಟ್ಟೆ ಒದ್ದೆಯಾಗುತ್ತಿತ್ತು. “ಏನಕ್ಕಾ, ಕೊಡ ಸೋರ್ತಾ ಇದೆಯಾ?” ಎಂದು ಭಟ್ಟಿಯವನು ನಕ್ಕ ದಿನ ಅವಳಿಗೆ ಭೂಮಿ ಬಾಯಿಬಿಟ್ಟರೆ ಸಾಕೆನಿಸಿತು. ಮೈದಾ ಮೂಟೆಗಳ ಹಿಂದೆ ಹೋಗಿ, ನಲ್ಲಿ ಬಿಟ್ಟು, ಹಿಂಡಿದ ಹಾಲನ್ನು ನೀರಿನ ಜೊತೆ ಹರಿಸಿಬಿಟ್ಟಳು. ಆಮೇಲೆ ಅದೇ ರೂಢಿಯಾಯಿತು.

ಮನೆಯಲ್ಲಿ ಮಗುವಿಗೆ ನೀರು ಬೆರೆಸಿದ ಹಸುವಿನ ಹಾಲು, ಬಾಟಲಿಯಲ್ಲಿ. ಸೆಕೆ ಎಂದು ನಡುನಡುವೆ ನೀರು. ಹೊಟ್ಟೆ ತುಂಬಿದ ಕೂಸು ತಾಯಿಯ ಎದೆಗೆ ಬಾಯಿ ಹಾಕಲಿಲ್ಲ. ಕುಡಿಯುವವರಿಲ್ಲದೆ ಹಾಲು ಬತ್ತಿತು.

“ನಮ್ಮವಳಿಗೆ ಹಾಲೇ ಇಲ್ಲ ಬಿಡಿ” ಎಂದು ಅತ್ತೆ ಪಕ್ಕದ ಮನೆಯವರ ಮುಂದೆ ಹೇಳಿದಾಗ ಸೊಸೆ ಕಳ್ಳತನ ಮಾಡಿದವಳಂತೆ ತಲೆ ತಗ್ಗಿಸಿದಳು.

ಭೇದಿ ನಿಲ್ಲದಾಗ ಇಬ್ಬರೂ ಆಸ್ಪತ್ರೆಗೆ ಹೋದರು. ನರ್ಸಮ್ಮ ಮಗುವನ್ನು ತಕ್ಕಡಿಯಲ್ಲಿ ಮಲಗಿಸಿ, “ಏನು ಕೊಡ್ತಿದೀರಿ?” ಎಂದು ಕೇಳಿದಳು.

“ಎದೆಹಾಲು. ಮತ್ತಿನ್ನೇನು ಕೊಡ್ತೀವಿ?” ಅತ್ತೆ ಥಟ್ಟನೆ ಹೇಳಿದಳು.

ಅಷ್ಟರಲ್ಲಿ ಅವಳ ತೊಡೆಯ ಮೇಲಿದ್ದ ಚೀಲದಿಂದ ಬೆಳ್ಳಗೆ ಹನಿ ತೊಟ್ಟಿಕ್ಕತೊಡಗಿತು. ಬಾಟಲಿಯ ಮುಚ್ಚಳ ಸಡಿಲವಾಗಿತ್ತು. ಸೊಸೆ ಮಗುವಿನ ಬಟ್ಟೆಯಿಂದಲೇ ನೆಲ ಒರೆಸಲು ಕೂತಳು.

“ಏಳಮ್ಮ, ಆಮೇಲೆ ಒರೆಸಿದ್ರಾಯ್ತು” ಎಂದಳು ನರ್ಸಮ್ಮ. ಬೈದಿದ್ದರೇ ವಾಸಿಯಿತ್ತು.

ಅತ್ತೆ ಸೋಲಲಿಲ್ಲ. “ಇವಳು ದಿನವಿಡೀ ಭಟ್ಟಿ ಮುಂದೆ ಬೇಯ್ತಾಳೆ. ಆ ಹಾಲು ಹೇಗೆ ಕೊಡೋದು? ಕಾವು ತಾಗಿದ್ರೆ ಹುಳಿ ಬರುತ್ತೆ. ಹಿಟ್ಟಿನಲ್ಲೇ ತಲೆ ನೆರೆಸಿಕೊಂಡವಳು ನಾನು, ನಂಗೊತ್ತಿಲ್ವಾ?”

“ಹಿಟ್ಟಿನ ವಿಷಯ ನೀವೇ ಸರಿ. ಪಾತ್ರೆಯಲ್ಲಿಟ್ಟಿದ್ದು ಹುಳಿ ಬರುತ್ತೆ. ಆದ್ರೆ ಎದೆ ಪಾತ್ರೆ ಅಲ್ಲಮ್ಮ. ತಾಯಿ ಭಟ್ಟಿ ಮುಂದೆ ನಿಲ್ಲಲಿ, ಬಿಸಿಲಲ್ಲಿ ಕಲ್ಲು ಹೊರಲಿ, ಒಳಗಿನ ಹಾಲು ಕೆಡಲ್ಲ. ಈ ಬಾಟಲಿ ಯಾವಾಗ ತುಂಬಿದ್ದು?”

“ಬೆಳಗ್ಗೆ.”

“ಒಂದ್ಸಲ ಮೂಸಿ ನೋಡಿ.”

ಅತ್ತೆ ಮೂಸಿದಳು. ನಂಬಿಕೆಯಾಗದೆ ಮತ್ತೊಮ್ಮೆ ಮೂಸಿದಳು. ಅವಳ ಮುಖ ಸಣ್ಣಗಾಯಿತು. ಬಾಟಲಿಯನ್ನು ಮೇಜಿನ ಮೇಲಿಟ್ಟು, ಯಾರ ಕಡೆಯೂ ನೋಡದೆ, “ಹುಳಿ” ಎಂದಳು.

ಆಮೇಲೆ ಸೊಸೆಯ ಕಡೆ ತಿರುಗಿದಳು. “ಊರ ಹಿಟ್ಟೆಲ್ಲ ಮೂಸಿದೆ, ಇದನ್ನ ಮೂಸ್ಲಿಲ್ಲ ಕಣೇ. ನಿನ್ನ ಒಳ್ಳೇ ಹಾಲು ಚೆಲ್ಲಿಸಿ, ಕೂಸಿಗೆ ಇದನ್ನ ಕುಡಿಸ್ದೆ.”

‘ಪರವಾಗಿಲ್ಲ ಬಿಡಿ ಅತ್ತೆ’ ಎನ್ನಬೇಕಿತ್ತು. ಅದನ್ನು ಬಿಟ್ಟು ಸೊಸೆ ನರ್ಸಮ್ಮನನ್ನು ಕೇಳಿದಳು: “ಈಗ ಬತ್ತಿಹೋಗಿದೆಯಲ್ಲಕ್ಕಾ?”

“ಮಗು ಚೀಪಿದಷ್ಟೂ ಬರುತ್ತೆ. ಕೇಳಿದಾಗೆಲ್ಲ ಎದೆಗೆ ಹಾಕು, ರಾತ್ರಿನೂ. ಹಾಲು ಹೆಚ್ಚೋ ತನಕ ಏನು ಮಾಡ್ಬೇಕು ಅಂತ ಡಾಕ್ಟರು ಹೇಳ್ತಾರೆ, ತಪ್ಪದೆ ಬಂದು ತೂಕ ತೋರಿಸು. ಆಮೇಲೆ ಆರು ತಿಂಗಳು ತುಂಬೋವರೆಗೂ ಎದೆಹಾಲೊಂದೇ. ಡಾಕ್ಟರು ಕೊಟ್ಟ ಔಷಧಿ ಬಿಟ್ರೆ ನೀರೂ ಬೇಡ. ಎಷ್ಟೇ ಸೆಕೆ ಇರಲಿ, ಬೇಕಾದ ನೀರು ಆ ಹಾಲಲ್ಲೇ ಇದೆ.”

“ಕೆಲಸಕ್ಕೆ ಹೋದಾಗ?”

“ಕೈ ತೊಳೆದು, ತೊಳೆದು ಕುದಿಸಿದ ಬಟ್ಟಲಿಗೆ ಹಿಂಡಿ ಮುಚ್ಚಿಡು. ತಂಪಾದ ಜಾಗದಲ್ಲಿಟ್ಟು, ಹಿಂಡಿದ ನಾಲ್ಕು ತಾಸಿನೊಳಗೆ ಅತ್ತೆ ಚಮಚದಲ್ಲಿ ಕುಡಿಸಲಿ. ಬಾಟಲಿ ಬೇಡ.”

ಮಗುವಿನ ಭೇದಿ ನಿಂತಿತು. ದಿನ ಹೋದ ಹಾಗೆ ಹಾಲೂ ತಿರುಗಿ ಬಂತು. ಈಗ ಮಧ್ಯಾಹ್ನ ಅಜ್ಜಿಯೇ ಕೂಸನ್ನು ಬೇಕರಿಗೆ ಹೊತ್ತು ತರುತ್ತಾಳೆ.

“ಏನಮ್ಮಾ, ಗಡಿಯಾರ ಮತ್ತೆ ಕೆಲಸಕ್ಕೆ ಬಂತಾ?” ಎಂದ ಭಟ್ಟಿಯವನು.

“ಆ ಕಡೆ ತಿರುಗೋ. ನಿನ್ನ ಬ್ರೆಡ್ಡು ಸೀಯ್ತಿದೆ, ಅದನ್ನಾದ್ರೂ ಮೂಸು!”

ಮೂಟೆಗಳ ಹಿಂದೆ ಸೊಸೆ ಹಾಲೂಡಿಸುತ್ತಾಳೆ. ಅತ್ತೆ ಅಡ್ಡ ನಿಂತು ಕಾಯುತ್ತಾಳೆ. ಅವಳ ಎದುರಿಗೇ ಆ ನಲ್ಲಿ. ಅದರ ಕೆಳಗೆ ಏನೇನು ಹರಿದುಹೋಯಿತೆಂದು ಅವಳಿಗೀಗ ಗೊತ್ತು. ಅಲ್ಲಿ ಕಣ್ಣು ಬಿದ್ದಾಗಲೆಲ್ಲ ಅವಳ ತಲೆ ತಾನಾಗಿ ತಗ್ಗುತ್ತದೆ.

ಅಕ್ಕಾ, ದುಡಿದು ಬಂದ ಮೈಯ ಹಾಲು ಕೆಟ್ಟಿಲ್ಲ. ಬಟ್ಟೆ ಒದ್ದೆಯಾದರೆ ಅದು ನಾಚಿಕೆಯೂ ಅಲ್ಲ. ಅಣ್ಣಾ, ನಗಬೇಡ, ಕೂತು ಹಾಲೂಡಿಸಲು ಒಂದು ಮೂಲೆ ಬಿಟ್ಟುಕೊಡು. ಅಮ್ಮಾ, ಮೊಮ್ಮಗುವಿಗೆ ಆರು ತಿಂಗಳು ತಾಯಿಹಾಲೊಂದೇ ಸಾಕು; ಸಂಶಯ ಬಂದರೆ ಚೆಲ್ಲುವ ಮೊದಲು ಆಸ್ಪತ್ರೆಗೆ ಹೋಗಿ ಕೇಳಿ. ಚೆಲ್ಲಿದ ಮೇಲೆ ಯಾವ ನಲ್ಲಿಯೂ ಅದನ್ನು ತಿರುಗಿ ಕೊಡುವುದಿಲ್ಲ.