ಐದನೆಯ ಉತ್ತರ

ಪರದೇಶದ ಎರಿನ್ ಮಿಲ್ಸ್ ಬಡಾವಣೆಯ ಸುತ್ತಮುತ್ತಲಿನ ಕನ್ನಡಿಗರ ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಮೊದಲ ಫೋನು ಹೋಗುತ್ತಿದ್ದದ್ದು ಆಂಬ್ಯುಲೆನ್ಸಿಗಲ್ಲ, ಸ್ಟ್ರೀಟ್ಸ್‌ವಿಲ್ಲಿನ ಜಯಲಕ್ಷ್ಮಮ್ಮನಿಗೆ. ತಲೆ ಯಾವ ದಿಕ್ಕಿಗೆ ಇರಬೇಕು, ದೀಪ ಎಲ್ಲಿ ಹಚ್ಚಬೇಕು, ಗಂಗಾಜಲ ಯಾರ ಮನೆಯಲ್ಲಿದೆ, ಎಲ್ಲ ಅವರ ನಾಲಿಗೆ ತುದಿಯಲ್ಲಿ. ಪುರೋಹಿತರೇ ಅವರ ಮುಖ ನೋಡಿ ಮುಂದುವರಿಯುತ್ತಿದ್ದರು ಅಂದರೆ ನೋಡಿ. ಈ ದೊಡ್ಡಸ್ತಿಕೆ ಅವರಿಗೂ ಇಷ್ಟವೇ ಆಗಿತ್ತು.

೨೦೧೨ರ ಫೆಬ್ರವರಿಯ ಒಂದು ಬೆಳಿಗ್ಗೆ ಏಳು ಗಂಟೆಗೆ, ಶ್ರೀಕಂಠಯ್ಯನವರ ಮಗ ರಾಘವನ ಹೆಂಡತಿ ಉಷಾ ಅಳುತ್ತ ಫೋನು ಮಾಡಿದಳು. "ಆಂಟೀ, ಮಾವ ಬೇಸ್‌ಮೆಂಟ್ ಮೆಟ್ಟಿಲ ಕೆಳಗೆ ಬಿದ್ದಿದಾರೆ. ಮೈಯೆಲ್ಲ ತಣ್ಣಗಾಗಿದೆ. ರಾಘವ್ ಆಫೀಸ್ ಕೆಲಸಕ್ಕೆ ಕ್ಯಾಲ್ಗರಿಗೆ ಹೋಗಿದಾನೆ. ನಂಗೇನೂ ತೋಚ್ತಿಲ್ಲ."

ಜಯಲಕ್ಷ್ಮಮ್ಮ ಹತ್ತು ನಿಮಿಷದಲ್ಲಿ ಹಾಜರಾದರು. ಶ್ರೀಕಂಠಯ್ಯ ಹೋಗಿ ಹೊತ್ತಾಗಿತ್ತು. ದೇವರ ಕೋಣೆ ಇದ್ದದ್ದು ಬೇಸ್‌ಮೆಂಟಿನಲ್ಲಿ. ಬೆಳಗಿನ ಜಾವ ಪೂಜೆಗೆಂದು ಇಳಿದವರು ಜಾರಿರಬೇಕು. ಮೇಲಿನ ಮೆಟ್ಟಿಲ ಹತ್ತಿರ ಹಾಸಿದ್ದ ಮ್ಯಾಟು ಮುದುರಿ ಬಿದ್ದಿತ್ತು. ಜಯಲಕ್ಷ್ಮಮ್ಮ ಅದನ್ನು ಕೈಯಾರೆ ನೇರ ಮಾಡಿದರು. ಆಮೇಲೆ ಇಬ್ಬರೂ ಸೇರಿ ಮುದುಕರನ್ನು ದೇವರ ಕೋಣೆಯ ಮುಂದಕ್ಕೆ ಎಳೆದು, ತಲೆಯ ರಕ್ತ ತೊಳೆದು, ಮಡಿ ಪಂಚೆ ಉಡಿಸಿ, ವಿಭೂತಿ ಹಚ್ಚಿದರು. ಮೆಟ್ಟಿಲಿಗೆ ಡೆಟಾಲ್ ಹಾಕಿ ಒರೆಸಿದ್ದೂ ಆಯಿತು. ಪೊಲೀಸಿಗೆ ಫೋನು ಮಾಡಿದ್ದು ಅದಾದ ಮೇಲೆ.

ಬಂದ ಪೊಲೀಸಿನವನು ಕೇಳಿದ್ದು ಒಂದೇ: ಇವರು ಸಿಕ್ಕಿದ್ದು ಇದೇ ಜಾಗದಲ್ಲಾ? ಬಿದ್ದರು ಅಂದರೆ ಪೋಸ್ಟ್‌ಮಾರ್ಟಮ್ ಅಂತ ಹೆಣ ಕೊಯ್ಯುತ್ತಾರೆ ಎಂದು ಜಯಲಕ್ಷ್ಮಮ್ಮನಿಗೆ ದಿಗಿಲಾಯಿತು. "ಹೌದು, ಪೂಜೆಗೆ ಕೂತವರು ಹಾಗೇ ಒರಗಿಬಿಟ್ಟರು," ಎಂದು ಇಂಗ್ಲಿಷಿನಲ್ಲಿ ಸರಾಗವಾಗಿ ಹೇಳಿದರು. ಉಷಾ ಅವರ ಮುಖ ನೋಡಿ ತಲೆಯಾಡಿಸಿದಳು.

ಆಮೇಲೆ ಕಾರೋನರ್ ಬಂದರು. ಹಠಾತ್ತಾಗಿ ಸತ್ತವರ ಸಾವಿನ ತನಿಖೆ ಮಾಡಲು ಸರಕಾರ ನೇಮಿಸಿದ ಡಾಕ್ಟರು. ನೋಡಿದರೆ ನಮ್ಮ ಡಾಕ್ಟರ್ ವಿಶ್ವನಾಥ! ಪ್ರತಿ ಯುಗಾದಿಗೂ ಜಯಲಕ್ಷ್ಮಮ್ಮನ ಬಿಸಿಬೇಳೆಬಾತನ್ನು ಎರಡೆರಡು ಸಲ ಹಾಕಿಸಿಕೊಳ್ಳುವವರು. ಹೋದ ಜೀವ ಬಂದ ಹಾಗಾಯಿತು ಅವರಿಗೆ.

ವಿಶ್ವನಾಥ್ ಕುಕ್ಕರಗಾಲಲ್ಲಿ ಕೂತು ಶ್ರೀಕಂಠಯ್ಯನವರ ಒದ್ದೆ ಕೂದಲು ಸರಿಸಿ ಗಾಯ ನೋಡಿದರು. ಮೆಟ್ಟಿಲನ್ನೂ ನೋಡಿ ಬಂದರು.

"ಜಯಲಕ್ಷ್ಮಿಯವರೇ, ಹೋದವರು ತಾವೇ ತಲೆ ತೊಳ್ಕೊಂಡು ಮಡಿ ಉಟ್ಕೊಳಲ್ಲ. ಏನಾಯ್ತು ಹೇಳಿ."

"ಡಾಕ್ಟ್ರೇ, ನೀವು ನಮ್ಮೋರು. ಒಂದು ಸೈನ್ ಹಾಕ್ಬಿಡಿ. ನಾಳೆ ಕ್ರಿಮೇಷನ್ ಮುಗಿಸಿಬಿಡೋಣ."

"ಸುಡೋದಕ್ಕೂ ನಮ್ಮ ಸರ್ಟಿಫಿಕೇಟ್ ಬೇಕು ಇಲ್ಲಿ. ಸತ್ತಿದ್ದು ಯಾರು, ಎಲ್ಲಿ, ಯಾವಾಗ, ಏನಾಗಿ, ಯಾವ ರೀತಿ, ಈ ಐದಕ್ಕೂ ನಾನು ಉತ್ತರ ಬರೀಬೇಕು. ಅಲ್ಲೀವರೆಗೂ ಬಾಡಿ ನನ್ನ ವಶ. ಪೋಸ್ಟ್‌ಮಾರ್ಟಮ್‌ಗೆ ಮನೆಯವರ ಒಪ್ಪಿಗೆ ಕೂಡ ಕಾನೂನು ಕೇಳಲ್ಲ. ನಾನು ಹೇಳೋ ತನಕ ಯಾರೂ ಮುಟ್ಟಬಾರದು ಅಂತಾನೂ ಅದೇ ಕಾನೂನಲ್ಲಿದೆ."

ಅಷ್ಟರಲ್ಲಿ ಪೊಲೀಸರು ಉಷಾಳೊಬ್ಬಳನ್ನೇ ಮೇಲಿನ ಕೋಣೆಗೆ ಕರೆದೊಯ್ದರು. ಮಾವನಿಗೂ ಸೊಸೆಗೂ ಎಣ್ಣೆ ಸೀಗೆಕಾಯಿ ಸಂಬಂಧ ಎಂಬುದು ಊರಿಗೇ ಗೊತ್ತು. ಹಿಂದಿನ ಸಂಜೆಯೂ ಹೀಟರ್ ಎಷ್ಟಕ್ಕೆ ಇಡಬೇಕೆಂದು ಇಬ್ಬರೂ ಕೂಗಾಡಿದ್ದನ್ನು ಪಕ್ಕದ ಮನೆಯವರು ಆಗಲೇ ಹೇಳಿಬಿಟ್ಟಿದ್ದರು. ಮನೆಯಲ್ಲಿದ್ದದ್ದು ಇವಳೊಬ್ಬಳೇ. ಜಾರಿ ಬಿದ್ದ ಗುರುತನ್ನೆಲ್ಲ ತಾನೇ ಅಳಿಸಿಬಿಟ್ಟೆ ಎಂದು ಜಯಲಕ್ಷ್ಮಮ್ಮನಿಗೆ ಆಗ ಅರ್ಥವಾಯಿತು. ಮ್ಯಾಟು, ಎಳೆದದ್ದು, ತೊಳೆದದ್ದು, ಒರೆಸಿದ್ದು, ಒಂದೂ ಬಿಡದೆ ಹೇಳಿದರು. "ತಪ್ಪೆಲ್ಲ ನಂದು ಡಾಕ್ಟ್ರೇ. ಆ ಹುಡುಗಿ ನಾನು ಹೇಳಿದ ಹಾಗೆ ಮಾಡಿದಾಳೆ ಅಷ್ಟೇ."

ವಿಶ್ವನಾಥ್ ಎಲ್ಲ ಬರೆದುಕೊಂಡರು. "ನಾನು ನಂಬ್ತೀನಿ. ಆದ್ರೆ ಬೆಳಿಗ್ಗೆ ಪೊಲೀಸಿಗೆ ಬೇರೆ ಹೇಳಿದೀರಿ. ಅದನ್ನೂ ಬರೀಲೇಬೇಕು ನಾನು."

ಅಂತ್ಯಕ್ರಿಯೆಯಾದದ್ದು ಐದನೆಯ ದಿನ. ಪೊಲೀಸರು ಕೆಲವು ವಾರ ವಿಚಾರಿಸಿ ಕೈಬಿಟ್ಟರು. ವಿಶ್ವನಾಥರ ವರದಿ ಮಾತ್ರ ಬಂದದ್ದು ಜೂನಿನಲ್ಲಿ. ರಾಘವ್ ಜಯಲಕ್ಷ್ಮಮ್ಮನನ್ನು ಮನೆಗೆ ಕರೆಸಿಕೊಂಡು ಅದನ್ನು ಮುಂದಿಟ್ಟ. ನಾಲ್ಕು ಪ್ರಶ್ನೆಗೆ ಉತ್ತರ ಸ್ಪಷ್ಟವಾಗಿತ್ತು. ತಲೆಗೆ ಪೆಟ್ಟು ಬಿದ್ದು ಸತ್ತಿದ್ದರು. ಆ ಪೆಟ್ಟು ಬಿದ್ದದ್ದು ಯಾವ ರೀತಿ, ತಾವೇ ಜಾರಿಯೋ ಯಾರಾದರೂ ತಳ್ಳಿಯೋ ಎಂಬಲ್ಲಿ, ನಿರ್ಧರಿಸಲಾಗಲಿಲ್ಲ ಎಂದಿತ್ತು.

"ಆಂಟಿ," ಅಂದ ರಾಘವ್ ತಗ್ಗಿದ ದನಿಯಲ್ಲಿ, "ಆವತ್ತು ಉಷಾ ಫೋನ್ ಮಾಡಿದಾಗ ಅಳ್ತಿದ್ಲಾ?"

"ಅಳ್ತಿದ್ಲು ಕಣಪ್ಪ. ಮಾತೇ ಹೊರಡ್ತಿರ್ಲಿಲ್ಲ ಪಾಪ."

"ನಿಜ ತಾನೇ?"

ಈ ಊರಲ್ಲಿ ಕಳೆದ ನಲವತ್ತು ವರ್ಷದಲ್ಲಿ ಜಯಲಕ್ಷ್ಮಮ್ಮನಿಗೆ ಈ ಪ್ರಶ್ನೆ ಹಾಕಿದವರಿರಲಿಲ್ಲ. ನಿಜವೇ, ಅವಳು ಅಳುತ್ತಿದ್ದದ್ದು ನಿಜ. ಆದರೆ ಅದನ್ನು ಅವನು ನಂಬುವ ಹಾಗೆ ಹೇಳುವುದು ಹೇಗೆಂದು ಅವರಿಗೆ ಗೊತ್ತಾಗಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಉಷಾ ಕಾಫಿ ಲೋಟಗಳನ್ನು ಹಿಡಿದು ನಿಂತಿದ್ದಳು. ಅವಳಿಗೆ ಎಲ್ಲ ಕೇಳಿಸಿತ್ತು.