ನೆರಳಿನಲ್ಲಿ ಆರಿಸಿ

ಮಣ್ಣು ಪರೀಕ್ಷೆಯ ಕಚೇರಿಯಲ್ಲಿ ಅವನನ್ನು ಎಲ್ಲರೂ ಮಣ್ಣು ಸಾರ್ ಎನ್ನುತ್ತಿದ್ದರು. ವಯಸ್ಸು ಐವತ್ತೆರಡು, ಮೂಗಿನ ತುದಿಯಲ್ಲಿ ಕನ್ನಡಕ, ಜೇಬಿನಲ್ಲಿ ಸದಾ ಯಾರದೋ ಹೊಲದ ಧೂಳು. ಆದರೆ ಅವನ ಅಕ್ಕನ ಪಾಲಿಗೆ ಅವನು ಇವತ್ತಿಗೂ ಪುಟ್ಟ. ಈ ಕಥೆಯಲ್ಲಿ ಅಕ್ಕನದೇ ಮೇಲುಗೈಯಾದ್ದರಿಂದ ನಾವೂ ಪುಟ್ಟ ಎಂದೇ ಕರೆಯೋಣ. ಅವನೇನೂ ಬೇಜಾರು ಮಾಡಿಕೊಳ್ಳುವವನಲ್ಲ.

ಶುಕ್ರವಾರ ಬೆಳಿಗ್ಗೆ ಜರಡಿ ಮೇಡಂ ಅವನ ಮೇಜಿನ ಮೇಲೆ ಒಂದು ವರದಿ ತಂದಿಟ್ಟರು. ಬಂದ ಮಣ್ಣನ್ನೆಲ್ಲ ಜರಡಿ ಹಿಡಿದು ಪರೀಕ್ಷಿಸುವುದು ಅವರ ಕೆಲಸ, ಹೆಸರು ಬಂದದ್ದೂ ಅದರಿಂದಲೇ.

"ಸಾರ್, ಇಂಥ ಮಣ್ಣು ನನ್ನ ಸರ್ವೀಸಲ್ಲೇ ನೋಡಿಲ್ಲ. ಕಪ್ಪಗಿದೆ, ಕೈಯಲ್ಲಿ ಹಿಡಿದ್ರೆ ತೂಕಾನೇ ಇಲ್ಲ. ಒದ್ದೆ ಮಾಡಿ ಉಜ್ಜಿದ್ರೆ ಸೋಪಿನ ಹಾಗೆ ಜಾರುತ್ತೆ. ಎಷ್ಟು ನೀರು ಹಾಕಿದ್ರೂ ಕುಡಿದು ಸುಮ್ನೆ ಕೂತ್ಕೊಳ್ಳುತ್ತೆ."

"ಬೆಂಕಿಬೆಟ್ಟದ ಮಣ್ಣಲ್ವಾ, ಹಾಗೇ ಇರುತ್ತೆ," ಎಂದು ಪುಟ್ಟ ಒಳಗೊಳಗೇ ಬೀಗಿದ. ಏಕೆಂದರೆ ಅದು ಅವನ ಅಕ್ಕನ ಜಮೀನಿನ ಮಣ್ಣು. ಯಾವ ಕಾಲದಲ್ಲೋ ಬೆಂಕಿ ಕಾರಿ, ಸುಸ್ತಾಗಿ, ಈಗ ಯಾರ ತಂಟೆಗೂ ಹೋಗದೆ ಕುಳಿತಿದ್ದ ಬೆಟ್ಟ. ಅದರ ಬುಡದಲ್ಲಿ ಅಕ್ಕನ ಮನೆ, ಮನೆಯ ಹಿತ್ತಿಲಿನಿಂದ ಮೇಲಕ್ಕೆ ಒಂದು ಎಕರೆ ಇಳಿಜಾರು.

ಆ ಒಂದು ಎಕರೆಯ ಹಣೆಬರಹ ಈ ಕಾಗದದ ಮೇಲೆ ನಿಂತಿತ್ತು. ಜಲ್ಲಿ ಒಡೆಯುವ ಯಂತ್ರದವನು ಅದನ್ನು ಕೇಳಿದ್ದ. ಅಕ್ಕನಿಗೆ ಕೊಡಲು ಸುತರಾಂ ಇಷ್ಟವಿರಲಿಲ್ಲ. ಅವಳ ಅಂಗಳದಲ್ಲಿ ಹನ್ನೊಂದು ಅಂಜೂರದ ಗಿಡಗಳು ಎಣ್ಣೆಯ ಡಬ್ಬಗಳಲ್ಲೇ ಬೆಳೆದು, ಬೇರುಗಳು ತಗಡು ಸೀಳಿ ಹೊರಗೆ ಇಣುಕುತ್ತಿದ್ದವು. ಅವನ್ನು ನೆಲಕ್ಕೆ ಇಳಿಸಬೇಕೆಂಬುದು ಅವಳ ಏಳು ವರ್ಷದ ಆಸೆ. ಭಾವನದು ಗಡಿಯಾರ ರಿಪೇರಿ ಅಂಗಡಿ. ದಿನಕ್ಕೆ ಹತ್ತು ಮಾತಾಡಿದರೆ ಅವರಿಗೆ ಅದೇ ಭಾಷಣ. ಈ ವಿಷಯದಲ್ಲಿ ಮಾತ್ರ ಸ್ವಲ್ಪ ಧಾರಾಳವಾಗಿ, "ಮಣ್ಣು ಪರೀಕ್ಷೆ ಮಾಡಿಸು. ಗಿಡ ಬರುತ್ತೆ ಅಂತ ಕಾಗದ ಬಂದ್ರೆ ಇಟ್ಕೊಳ್ಳೋಣ. ಇಲ್ಲಾಂದ್ರೆ ಸೋಮವಾರ ಜಲ್ಲಿಯವನಿಗೆ ಹೂಂ ಅನ್ನೋಣ," ಎಂದಿದ್ದರು.

ಪುಟ್ಟ ವರದಿಯ ಮೇಲೆ ಕಣ್ಣಾಡಿಸುತ್ತಾ ಸಹಿ ಹಾಕಲು ಪೆನ್ನು ತೆಗೆದ. 'ಕಲ್ಲಿನ ಪ್ರಮಾಣ' ಎಂಬ ಸಾಲಿಗೆ ಬಂದವನು ಅಲ್ಲೇ ನಿಂತ. ಎದುರಿಗೆ ದುಂಡಗೆ ಒಂದು ಸೊನ್ನೆ ಇತ್ತು.

ಆ ಇಳಿಜಾರಿನಲ್ಲಿ ಚಪ್ಪಲಿಯಿಲ್ಲದೆ ನಾಲ್ಕು ಹೆಜ್ಜೆ ಇಟ್ಟವರು ಐದನೆಯದನ್ನು ಇಡುತ್ತಿರಲಿಲ್ಲ. ಅಲ್ಲಿ ಕಲ್ಲು ಸೊನ್ನೆ ಎಂದರೆ ನಂಬುವುದಕ್ಕೆ ಪುಟ್ಟನೇನು ಕಿವಿಗೆ ಹೂವು ಇಟ್ಟುಕೊಂಡಿದ್ದನೇ? ತಕ್ಷಣ ಫೋನ್ ಮಾಡಿದ.

"ಅಕ್ಕ, ನೀನು ಕಳಿಸಿದ ಮಣ್ಣಲ್ಲಿ ಕಲ್ಲೇ ಇಲ್ವಲ್ಲ?"

"ಹೇಗಿರುತ್ತೆ? ಎಲ್ಲಾ ಆರಿಸಿದೀನಿ ಕಣೋ. ಮೂರು ದಿನ ನೆರಳಲ್ಲಿ ಕೂತು ಒಂದೊಂದೇ ಆರಿಸಿದೆ. ಬೆನ್ನು ಇನ್ನೂ ಹಿಡ್ಕೊಂಡಿದೆ."

"ಯಾರು ಹೇಳಿದ್ರು ಆರಿಸು ಅಂತ?"

"ನೀನೇ. ನಿಮ್ಮ ಕಚೇರಿ ಚೀಟಿ ಗೋಡೆಗೆ ಅಂಟಿಸಿದೀನಿ, ಓದ್ಲಾ?"

ಓದುವ ಅಗತ್ಯವಿರಲಿಲ್ಲ. ಎಂಟು ವರ್ಷದ ಹಿಂದೆ ಆ ಚೀಟಿ ಬರೆದ ಪುಣ್ಯಾತ್ಮ ಪುಟ್ಟನೇ. 'ಮಣ್ಣನ್ನು ನೆರಳಿನಲ್ಲಿ ಚೆನ್ನಾಗಿ ಆರಿಸಿ ಕಳುಹಿಸಿ.' ಒದ್ದೆ ಬಟ್ಟೆ ಆರಿಸುವ ಹಾಗೆ ಹರವಿಡಿ, ತೇವ ಹೋಗಲಿ ಎಂಬುದು ಅವನ ಅರ್ಥ. ಕಾಳಿನಲ್ಲಿ ಕಲ್ಲು ಆರಿಸುವ ಹಾಗೆ ಎಂಬುದು ಅಕ್ಕನ ಅರ್ಥ. ಒಂದೇ ಮಾತಿಗೆ ಎರಡು ಬಾಗಿಲಿರುವುದು ಎಂಟು ವರ್ಷದಲ್ಲಿ ಅವನಿಗೆ ಹೊಳೆದೇ ಇರಲಿಲ್ಲ.

"ತಮ್ಮನ ಕಚೇರಿಗೆ ಕಲ್ಲುಮಣ್ಣು ಕಳಿಸಿದ್ರೆ ನನ್ನ ಮರ್ಯಾದೆ ಏನಾಗ್ಬೇಕು," ಎಂದು ಅಕ್ಕ ಇನ್ನೂ ಹೇಳುತ್ತಲೇ ಇದ್ದಳು.

ಕಷ್ಟ ಏನೆಂದರೆ, ಕಚೇರಿಯ ನಮೂನೆಯಲ್ಲಿ ಕಲ್ಲು ಅರ್ಧಕ್ಕಿಂತ ಹೆಚ್ಚಿದ್ದರೆ 'ಉಳುಮೆಗೆ ಅಯೋಗ್ಯ' ಎಂಬ ಚೌಕಕ್ಕೆ ಗುರುತು ಹಾಕಲೇಬೇಕಿತ್ತು. ಜರಡಿ ಮೇಡಂ ಮೆಲ್ಲಗೆ ಹೇಳಿದರು, "ಸಾರ್, ಬಂದ ಮಣ್ಣು ನೋಡಿ ಬರೆದಿದೀವಿ. ಸುಳ್ಳೇನಿಲ್ವಲ್ಲ. ಸಹಿ ಹಾಕ್ಬಿಡಿ."

ಪುಟ್ಟನಿಗೂ ಬಾಯಲ್ಲಿ ನೀರೂರಿತು. ಒಂದು ಸಹಿ, ಅಕ್ಕನ ಮುಖದಲ್ಲಿ ನಗು. ಆದರೆ ನಾಳೆ ಅವಳು ಗುದ್ದಲಿ ಹಾಕಿದಾಗ ಠಣ್ ಎನ್ನುವುದು ಆ ಸಹಿಯೇ ಅಲ್ಲವೇ? ಅವನು ಪೆನ್ನಿನ ಮುಚ್ಚಳ ಹಾಕಿದ. ಭಾನುವಾರ ತಾನೇ ಬಂದು ಗುಂಡಿ ತೋಡಿ ನೋಡುತ್ತೇನೆಂದು ಫೋನಿನಲ್ಲೇ ಅಕ್ಕನಿಗೆ ತಿಳಿಸಿದ.

"ನನ್ನ ಬಾಯಿಗೆ ಮಣ್ಣು ಹಾಕ್ಬೇಡ ಪುಟ್ಟ," ಎಂದು ಅಕ್ಕ ಫೋನ್ ಇಟ್ಟಳು. ಅವನಿಗೆ ನಿಜಕ್ಕೂ ಸಂಕಟವಾಯಿತು.

ಭಾನುವಾರ ಅಕ್ಕ ಕಾಫಿ ಕೊಟ್ಟಳು, ಮಾತು ಕೊಡಲಿಲ್ಲ. ಪುಟ್ಟ ಹಾರೆ, ಒಂದು ಖಾಲಿ ಬಕೆಟ್, ಒಂದು ನೀರು ತುಂಬಿದ ಬಕೆಟ್ ಹಿಡಿದು ಹಿತ್ತಿಲ ಬಾಗಿಲು ದಾಟಿದ. ಗೋಡೆಯ ಪಕ್ಕ ಅಕ್ಕ ಆರಿಸಿ ಎಸೆದ ಕಲ್ಲಿನ ರಾಶಿ ಬಿದ್ದಿತ್ತು. ಅದರ ಎತ್ತರವನ್ನು ಕಣ್ಣಲ್ಲೇ ಅಳೆದು ಅವನು ಇಳಿಜಾರು ಹತ್ತಿದ.

ಹಾರೆ ಹಾಕಿದಲ್ಲೆಲ್ಲ ಕಿಡಿ. ಮೊಣಕಾಲುದ್ದದ ಗುಂಡಿಗೆ ಎರಡು ಗಂಟೆ ಹಿಡಿಯಿತು. ತೆಗೆದದ್ದನ್ನು ಅಲ್ಲೇ ಬೇರೆ ಮಾಡಿ ಅಳೆದ. ಹತ್ತು ಬಕೆಟ್ಟಿನಲ್ಲಿ ಆರು ಕಲ್ಲು, ನಾಲ್ಕು ಮಣ್ಣು. ತಳದಲ್ಲಿ ಬಂಡೆ ಸಿಕ್ಕಿತು. ಆಯಿತು, ಮುಗಿಯಿತು ಕಥೆ ಎಂದುಕೊಂಡು ಗುಂಡಿಯ ಅಂಚಿನಲ್ಲಿ ಕುಳಿತ.

ಕುಳಿತವನ ಕೈ ಸುಮ್ಮನಿರಬೇಕಲ್ಲ. ಬಂಡೆಯ ಬಿರುಕೊಂದರಲ್ಲಿ ಬೆರಳು ಹಾಕಿದ. ಒಳಗೆ ಕಪ್ಪು ಮಣ್ಣು, ತಣ್ಣಗಿತ್ತು. ಮೇಲಿನ ಒಣ ಹುಲ್ಲಿನ ಬೇರು ಕಲ್ಲುಗಳನ್ನು ಸುತ್ತಿ ಬಳಸಿ ಅಲ್ಲಿಯವರೆಗೆ ಇಳಿದು, ಬಿರುಕಿನೊಳಗೆ ಇನ್ನೂ ಮುಂದಕ್ಕೆ ಹೋಗಿತ್ತು. ಒಂದು ಕಲ್ಲನ್ನು ಕೈಗೆತ್ತಿಕೊಂಡ. ತೆಂಗಿನಕಾಯಿ ಗಾತ್ರ, ತೂಕ ಮಾತ್ರ ಆ ಗಾತ್ರದ ಕಲ್ಲಿಗೆ ಇರಬೇಕಾದುದರ ಅರ್ಧ, ಮೈತುಂಬ ತೂತು. ನೀರಿನ ಬಕೆಟ್ಟಿಗೆ ಹಾಕಿದ. ಬುಳುಬುಳು ಎಂದು ಗುಳ್ಳೆ ಬಿಡುತ್ತಾ ಅದು ನೀರು ಕುಡಿಯತೊಡಗಿತು.

ಪುಟ್ಟ ದಡಬಡ ಇಳಿದು ಹೋಗಿ ಅಕ್ಕನ ಅಡುಗೆಮನೆಯ ತಕ್ಕಡಿ ಎತ್ತಿಕೊಂಡು ಬಂದ. ಒಂದು ಕಿಲೋ ಒಣಕಲ್ಲು ಆರಿಸಿ ನೆನೆಹಾಕಿದ. ಮಧ್ಯಾಹ್ನ ತೂಗಿದರೆ ಕಿಲೋದ ಮೇಲೆ ಇನ್ನೂರು ಗ್ರಾಂ ಇತ್ತು. ನೀರು ಉಳಿಸುವ ಕೆಲಸದಲ್ಲಿ ಮಣ್ಣಿನ ಜೊತೆ ಕಲ್ಲೂ ಪಾಲುದಾರ. ಆದರೆ ಅದನ್ನು ಬರೆಯಲು ನಮೂನೆಯಲ್ಲಿ ಜಾಗವೇ ಇರಲಿಲ್ಲ. ಯೋಗ್ಯ, ಅಯೋಗ್ಯ ಎಂಬ ಎರಡು ಚೌಕ, ಅಷ್ಟೇ.

ಅವನು ಕಲ್ಲು ನೂರಕ್ಕೆ ಅರವತ್ತು ಪಾಲು ಎಂದು ಬರೆದ. 'ಉಳುಮೆಗೆ ಅಯೋಗ್ಯ' ಎಂಬುದಕ್ಕೆ ಗುರುತು ಹಾಕಿದ. ಆಮೇಲೆ ಕೆಳಗಿನ ಖಾಲಿ ಅಂಚಿನಲ್ಲಿ ಸಣ್ಣಕ್ಷರದಲ್ಲಿ ಎರಡು ಸಾಲು ಸೇರಿಸಿ ಸಹಿ ಮಾಡಿದ.

ಭಾವ ಗಡಿಯಾರ ನೋಡುವ ಭೂತಗನ್ನಡಿಯನ್ನೇ ಕಣ್ಣಿಗೆ ಸಿಕ್ಕಿಸಿಕೊಂಡು ಕಾಗದ ಓದಿದರು. ಅಕ್ಕ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಅಯೋಗ್ಯ ಎಂಬ ಪದ ಅವಳಿಗೆ ಅಲ್ಲಿಂದಲೇ ಕಂಡಿತ್ತು. ಭಾವ ಅಂಚಿನ ಸಾಲುಗಳನ್ನು ಗಟ್ಟಿಯಾಗಿ ಓದಿದರು.

"ನೇಗಿಲು ಹೋಗುವುದಿಲ್ಲ. ಬೇರು ಹೋಗುತ್ತದೆ."

ಮತ್ತೆ ಒಂದು ಸಲ ಓದಿ ಕಾಗದ ಮಡಚಿದರು. "ಮೊದಲ ವರದೀಲಿ ಕಲ್ಲು ಎಷ್ಟಿತ್ತು?"

"ಸೊನ್ನೆ, ಭಾವ. ತಪ್ಪು ನನ್ನದು. ಚೀಟಿ ಬರೆದವನು ನಾನು."

"ಗೊತ್ತು. ಇವಳು ಮೂರು ದಿನ ಕೂತು ಆರಿಸಿದ್ದನ್ನ ನೋಡಿದೀನಿ."

"ನೋಡಿಯೂ ಸುಮ್ನಿದ್ರಾ?" ಎಂದಳು ಅಕ್ಕ.

"ಎರಡನೇ ದಿನಾನೇ ಜಲ್ಲಿಯವನಿಗೆ ಇಲ್ಲ ಅಂತ ಫೋನ್ ಮಾಡ್ಬಿಟ್ಟೆ."

ಅಕ್ಕನ ಕಣ್ಣು ತುಂಬಿ ಬಂತು, ಜೊತೆಗೇ ಸಿಟ್ಟೂ ಬಂತು. "ನನಗೆ ಹೇಳೋದಲ್ವಾ? ಎರಡು ವಾರದಿಂದ ನಿದ್ದೆ ಇಲ್ಲ ನನಗೆ. ಮತ್ತೆ ಈ ಕಾಗದ ಯಾಕೆ ಬೇಕಿತ್ತು?"

"ಹೇಳ್ಬೇಕಿತ್ತು," ಎಂದು ಭಾವ ಒಪ್ಪಿಕೊಂಡರು. "ಕಾಗದ ಬಂದ ಮೇಲೆ ಹೇಳೋಣ ಅಂತಿದ್ದೆ. ಬೇರು ಇಳಿಯುತ್ತೋ ಇಲ್ವೋ ಗೊತ್ತಾಗ್ಬೇಕಲ್ಲ. ಅದನ್ನ ಪುಟ್ಟ ಸರಿಯಾಗಿ ಬರೆದಿದಾನೆ." ಅವತ್ತಿನ ಅವರ ಹತ್ತು ಮಾತು ಎಂದೋ ಮುಗಿದಿತ್ತು.

ಅವರು ಎದ್ದು ಹಿತ್ತಿಲಿಗೆ ಹೋಗಿ, ಅಕ್ಕ ಎಸೆದಿದ್ದ ಕಲ್ಲುಗಳನ್ನು ಬುಟ್ಟಿಗೆ ತುಂಬಿಕೊಂಡು ಇಳಿಜಾರು ಹತ್ತಿದರು. ಪುಟ್ಟ ಒಂದು ಅಂಜೂರದ ಡಬ್ಬ ಹೊತ್ತು ಹಿಂದೆ ನಡೆದ. ಪರೀಕ್ಷೆಗೆ ತೋಡಿದ ಗುಂಡಿಯಲ್ಲೇ ಮೊದಲ ಅಂಜೂರ ಇಳಿಯಿತು. ಬುಡಕ್ಕೆ ನಾಲ್ಕು ಪಾಲು ಮಣ್ಣು, ಆರು ಪಾಲು ಕಲ್ಲು, ಬೆಟ್ಟ ಇಟ್ಟುಕೊಂಡಿದ್ದ ಲೆಕ್ಕದಲ್ಲೇ.

ಅಕ್ಕ ಬಗ್ಗಿ ಮಣ್ಣು ಸಮ ಮಾಡುತ್ತಿದ್ದಳು. ಅವಳ ಕೈ ಅಭ್ಯಾಸಬಲದಿಂದ ಒಂದು ಕಲ್ಲನ್ನು ಆರಿಸಿ ಪಕ್ಕಕ್ಕೆ ಎಸೆಯಲು ಹೊರಟಿತು. ಅವಳು ತಡೆದು, ಗಂಡನ ಕಡೆ ಒಮ್ಮೆ ನೋಡಿ, ಆ ಕಲ್ಲನ್ನು ಗಿಡದ ಬುಡಕ್ಕೇ ಒತ್ತಿ ಇಟ್ಟಳು.